ಬೇಟೆಮೀನು ತಂದ ಮೊದಲ ತಿಂಗಳು: ಮೊದಲು ನೀರು, ಆಮೇಲೆ ಊಟ

ಅಂಗಡಿಯಲ್ಲಿ ಗಾಜಿಗೆ ಮೂತಿ ಒತ್ತಿ ಓಡಾಡುತ್ತಿದ್ದ ಮೂರಿಂಚಿನ ಆಸ್ಕರ್ ಮೀನು, ಮನೆಗೆ ಬಂದು ಹತ್ತು ದಿನಕ್ಕೆ ಮೂಲೆ ಹಿಡಿದಿದೆ. ಮೈ ಕಪ್ಪಾಗಿದೆ, ರೆಕ್ಕೆ ಮೈಗೆ ಅಂಟಿಕೊಂಡಿದೆ, ಕಿವಿರು ಏದುಸಿರು ಬಿಟ್ಟಂತೆ ಬಡಿಯುತ್ತಿದೆ. ಇದನ್ನು ನೋಡಿದ ತಕ್ಷಣ ಮನೆಯವರಿಗೆ ಬರುವ ಯೋಚನೆ 'ಹಸಿವಾಗಿರಬೇಕು, ಇನ್ನೆರಡು ಸೀಗಡಿ ಹಾಕೋಣ' ಎಂಬುದು. ಆ ಎರಡು ಸೀಗಡಿಯೇ ಅದನ್ನು ಮುಗಿಸುತ್ತದೆ.

ಬೇಟೆಯಾಡಿ ತಿನ್ನುವ ಮೀನುಗಳಿಗೆ ಉಪವಾಸ ಹುಟ್ಟಿನಿಂದ ಬಂದ ಅಭ್ಯಾಸ. ಹೊಳೆಯಲ್ಲಿ ಅವಕ್ಕೆ ದಿನಾ ಬೇಟೆ ಸಿಗುವುದಿಲ್ಲ. ಆರೋಗ್ಯವಾಗಿರುವ ನಾಲ್ಕಿಂಚಿನ ಆಸ್ಕರ್ ಒಂದು ವಾರ ತಿನ್ನದಿದ್ದರೂ ಸಾಯುವುದಿಲ್ಲ. ಒಂದಡಿಯ ಮೀನು ಎರಡು ವಾರ ಸುಮ್ಮನಿರುತ್ತದೆ. ಆದರೆ ತಿಂದ ಊಟದಿಂದಲೇ ಹುಟ್ಟುವ ಅಮೋನಿಯಾ ವಿಷ ತುಂಬಿದ ನೀರಿನಲ್ಲಿ ಒಂದು ರಾತ್ರಿ ಕಳೆಯುವುದು ಅದರ ಕೈಲಾಗದು. ಹಾಗಾಗಿ ಮೊದಲ ತಿಂಗಳ ಕೆಲಸವೆಲ್ಲ ನೀರಿನದು. ಇಲ್ಲಿ ಹೇಳುವುದು ಬಹುಪಾಲು ಆಸ್ಕರ್‌ಗೆ ಹೊಂದಿಸಿ, ಏಕೆಂದರೆ ನಮ್ಮಲ್ಲಿ ಹೆಚ್ಚು ಜನ ಮೊದಲು ತರುವ ಬೇಟೆಮೀನು ಅದೇ. ಅರೋವಾನಾ, ಬಿಚಿರ್, ಸ್ನೇಕ್‌ಹೆಡ್‌ಗಳಿಗೆ ಬೇರೆಯಾಗುವ ಸಂಗತಿಗಳು ಕೊನೆಯ ಕಡೆಗೆ ಇವೆ.

ಸೀಗಡಿಯ ಲೆಕ್ಕ

ಪ್ರೋಟೀನಿನಲ್ಲಿ ಸುಮಾರು ಶೇ 16ರಷ್ಟು ಸಾರಜನಕ ಇರುತ್ತದೆ. ಹಸಿ ಸೀಗಡಿಯಲ್ಲಿ ಸುಮಾರು ಶೇ 20ರಷ್ಟು ಪ್ರೋಟೀನ್. 10 ಗ್ರಾಂ ಸೀಗಡಿ ತಿನ್ನಿಸಿದರೆ 2 ಗ್ರಾಂ ಪ್ರೋಟೀನ್, ಅದರಲ್ಲಿ 0.32 ಗ್ರಾಂ ಸಾರಜನಕ. ಅದರಲ್ಲಿ ಅರ್ಧ ಮಾತ್ರ ಅಮೋನಿಯಾ ಆಗಿ ಕಿವಿರಿನಿಂದ ನೀರಿಗೆ ಬಂತು ಅಂದುಕೊಳ್ಳಿ: 160 ಮಿಲಿಗ್ರಾಂ. 100 ಲೀಟರ್ ಟ್ಯಾಂಕಿನಲ್ಲಿ ಅದು 1.6 ಪಿಪಿಎಂ, ಅಂದರೆ ಲೀಟರಿಗೆ 1.6 ಮಿಲಿಗ್ರಾಂ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಹಿಡಿಯುವುದೇ 55 ಲೀಟರ್. ಅಲ್ಲಿ 3 ಪಿಪಿಎಂ ಹತ್ತಿರ. ಫಿಲ್ಟರ್‌ನಲ್ಲಿ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ಇನ್ನೂ ನೆಲೆಯೂರಿಲ್ಲದಿದ್ದರೆ ಇದಿಷ್ಟೂ ಅಲ್ಲೇ ಉಳಿಯುತ್ತದೆ, ಮರುದಿನದ ಊಟದ್ದು ಅದರ ಮೇಲೆ ಸೇರುತ್ತದೆ.

ನಿಮ್ಮ ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ಸ್ವಲ್ಪ ಭಾಗ ಮಾತ್ರ ವಿಷದ ರೂಪದಲ್ಲಿರುತ್ತದೆ, ಉಳಿದದ್ದು ಅಷ್ಟಾಗಿ ತೊಂದರೆ ಕೊಡದ ಅಮೋನಿಯಂ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇ 0.6ರ ಆಸುಪಾಸು. ಪಿಎಚ್ 8 ಆದರೆ ಅದೇ ಪಾಲು ಶೇ 5 ದಾಟುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಪಿಎಚ್ 8ರ ಸುತ್ತ ಇರುವುದು ಸಾಮಾನ್ಯ. ಟೆಸ್ಟ್ ಕಿಟ್‌ನಲ್ಲಿ ಒಂದೇ ಬಣ್ಣ ತೋರಿಸಿದರೂ ನಿಮ್ಮ ಮೀನಿಗೆ ತಗಲುವ ಪೆಟ್ಟು ಒಂಬತ್ತು ಪಟ್ಟು ಹೆಚ್ಚು.

ಮೀನಿಗಿಂತ ತಿಂಗಳು ಮೊದಲು ಟ್ಯಾಂಕ್

ಆಸ್ಕರ್ ಒಂದಡಿ ಬೆಳೆಯುವ ಮೀನು. ಚೆನ್ನಾಗಿ ನೋಡಿಕೊಂಡರೆ ಮೊದಲ ವರ್ಷದಲ್ಲಿ ತಿಂಗಳಿಗೆ ಹೆಚ್ಚೂಕಡಿಮೆ ಒಂದಿಂಚು ಬೆಳೆಯುತ್ತದೆ, ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಒಂದು ಮೀನಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಹಾಕಿ. ಅಂಚಿನವರೆಗೆ ತುಂಬಿದರೆ 450 ಲೀಟರ್, ಮೇಲೆ ಮೂರ್ನಾಲ್ಕು ಇಂಚು ಬಿಟ್ಟರೆ ಸುಮಾರು 380. ಗಾಜು 12 ಎಂಎಂ ಇರಲಿ. ನೀರೇ ನಾನೂರು ಕಿಲೋ ಹತ್ತಿರ ಬರುವುದರಿಂದ ಮನೆಯ ಮರದ ಮೇಜಿನ ಮೇಲೆ ಇಡುವ ಮಾತೇ ಬೇಡ. ಕಬ್ಬಿಣದ ಸ್ಟ್ಯಾಂಡ್, ಗೋಡೆಗೆ ಒತ್ತಿ, ಟ್ಯಾಂಕಿನ ಅಡಿಗೆ ಥರ್ಮಾಕೋಲ್ ಹಾಳೆ.

'ಈಗ ಚಿಕ್ಕದಿದೆಯಲ್ಲ, ಆಮೇಲೆ ದೊಡ್ಡ ಟ್ಯಾಂಕ್ ತಂದರಾಯಿತು' ಎನ್ನುವವರು ಆಮೇಲೆ ತರುವುದು ಅಪರೂಪ. ಅಷ್ಟರಲ್ಲಿ ಮೀನಿನ ಬೆನ್ನು ಡೊಂಕಾಗಿರುತ್ತದೆ.

ಫಿಲ್ಟರ್ ಗಂಟೆಗೆ ಟ್ಯಾಂಕಿನ ನೀರನ್ನು ಆರೇಳು ಸಲ ತಿರುಗಿಸಬೇಕು, ಅಂದರೆ ಮೇಲಿನ ಅಳತೆಗೆ 2,500 ಲೀಟರ್ ಸುಮಾರು. ಹೊರಗೆ ಇಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಆದರೂ ಸರಿ, ಕೆಳಗೆ ಇನ್ನೊಂದು ಟ್ಯಾಂಕಿಟ್ಟು ನೀರು ಶೋಧಿಸುವ ಸಂಪ್ ಆದರೆ ಇನ್ನೂ ಒಳ್ಳೆಯದು. ಹೀಟರ್ ಅಲ್ಲೇ ಬಚ್ಚಿಡಬಹುದು. ಆಸ್ಕರ್ ಕೋಪ ಬಂದಾಗ ಗಾಜಿನ ಹೀಟರನ್ನು ಗೋಡೆಗೆ ಬಡಿದು ಒಡೆಯುತ್ತದೆ. ಟ್ಯಾಂಕಿನೊಳಗೇ ಇಡಬೇಕಾದರೆ ಪ್ಲಾಸ್ಟಿಕ್ ಕವಚ ಹಾಕಿದ್ದು ಕೊಳ್ಳಿ. ಏರ್ ಪಂಪ್‌ಗೆ ಜೋಡಿಸಿದ ಒಂದು ದೊಡ್ಡ ಸ್ಪಂಜ್ ಫಿಲ್ಟರ್ ಜೊತೆಗಿರಲಿ. ಅದರ ಉಪಯೋಗ ಮುಂದೆ ಕ್ವಾರಂಟೈನ್ ಮಾಡುವಾಗ ಗೊತ್ತಾಗುತ್ತದೆ.

ಫಿಲ್ಟರ್ ಓಡಿಸಿದ ಮಾತ್ರಕ್ಕೆ ಟ್ಯಾಂಕ್ ತಯಾರಾಗುವುದಿಲ್ಲ. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಗುಂಪು, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಎರಡೂ ಫಿಲ್ಟರ್‌ನ ಸ್ಪಂಜು, ಸಿರಾಮಿಕ್ ರಿಂಗುಗಳ ಮೇಲೆ ಬೆಳೆದು ಬರಲು ನಾಲ್ಕರಿಂದ ಆರು ವಾರ ಬೇಕು. ಬೆಳೆಯಲು ಅವಕ್ಕೂ ಊಟ ಬೇಕು. ಮೀನು ಹಾಕದೆ ಆ ಊಟ ಕೊಡುವ ದಾರಿ ಅಮೋನಿಯಂ ಕ್ಲೋರೈಡ್, ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ. ಕಲಾಯಿಯವರದ್ದು ಶುದ್ಧವಾಗಿರುತ್ತದೆ ಎನ್ನಲಾಗದು, ಕೆಮಿಕಲ್ ಅಂಗಡಿಯಲ್ಲಿ ಲ್ಯಾಬ್ ದರ್ಜೆಯದ್ದೇ ಕೇಳಿ ತನ್ನಿ. 380 ಲೀಟರಿಗೆ 2.4 ಗ್ರಾಂ ಕರಗಿಸಿ ಹಾಕಿದರೆ 2 ಪಿಪಿಎಂ ಅಮೋನಿಯಾ ಆಗುತ್ತದೆ. ನೀರು 27-28 ಡಿಗ್ರಿ ಇರಲಿ, ಗಾಳಿ ಗುಳ್ಳೆ ಜೋರಾಗಿ ಬರಲಿ. ಅಮೋನಿಯಾ ಸೊನ್ನೆಗೆ ಇಳಿದಾಗಲೆಲ್ಲ ಮತ್ತೆ ಅಷ್ಟೇ ಹಾಕಿ. ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರತೊಡಗಿದರೆ ಟ್ಯಾಂಕ್ ಸಿದ್ಧ. ಮುಕ್ಕಾಲು ನೀರು ಬದಲಿಸಿ, ಆಮೇಲೆ ಅಂಗಡಿಗೆ ಹೋಗಿ.

ನಡುವೆ ಒಂದೆಡೆ ಈ ಕೆಲಸ ನಿಂತುಬಿಡುವುದುಂಟು. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರಿನ ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್, ಕರಗುತ್ತಾ ಪಿಎಚ್ ಇಳಿಯುತ್ತದೆ, 6.5ಕ್ಕಿಂತ ಕೆಳಗೆ ಹೋದರೆ ಅವು ಮಂಕಾಗುತ್ತವೆ. ಬರೀ ಆರ್‌ಒ ನೀರು ತುಂಬಿದವರಿಗೆ ಇದು ಖಂಡಿತ. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ನಾಲ್ಕು ಡಿಗ್ರಿಗೆ ತಂದು ನಿಲ್ಲಿಸಿ.

ಪರಿಚಯದವರ ಬಳಿ ವರ್ಷದಿಂದ ಓಡುತ್ತಿರುವ ಆರೋಗ್ಯವಾದ ಟ್ಯಾಂಕ್ ಇದ್ದರೆ ಅದರ ಫಿಲ್ಟರ್‌ನ ಒಂದು ಸ್ಪಂಜು ಕೇಳಿ ತನ್ನಿ. ಆರು ವಾರದ ಕೆಲಸ ಹತ್ತು ದಿನಕ್ಕೆ ಇಳಿಯಬಹುದು. ಟ್ಯಾಂಕ್ ನೀರಿನಲ್ಲೇ ಮುಳುಗಿಸಿ ತರಬೇಕು. ಬರುವಾಗ ಒಣಗಿದರೆ ಅಥವಾ ನಲ್ಲಿ ನೀರಲ್ಲಿ ತೊಳೆದರೆ ತಂದಿದ್ದು ಬರೀ ಸ್ಪಂಜು.

ನಿಮ್ಮ ನಲ್ಲಿಯಲ್ಲಿ ಏನಿದೆ

ಬೆಂಗಳೂರಿನ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಡ್ರಮ್ಮಿನಲ್ಲಿ ತುಂಬಿ, ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ ಒಂದು ದಿನ ಬಿಡಿ, ಇಲ್ಲವೇ ಆಂಟಿ-ಕ್ಲೋರಿನ್ ಹಾಕಿ. ಅಪಾರ್ಟ್‌ಮೆಂಟಿನಲ್ಲಿರುವವರು ಇನ್ನೊಂದಕ್ಕೆ ಎಚ್ಚರವಾಗಿರಬೇಕು: ಸಂಪು, ಓವರ್‌ಹೆಡ್ ಟ್ಯಾಂಕ್ ತೊಳೆದ ದಿನ ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಆ ದಿನದ ನೀರಿಗೆ ಮಾಮೂಲಿ ಡೋಸ್ ಸಾಲುವುದಿಲ್ಲ. ತೊಳೆಯುವ ದಿನ ಯಾವುದೆಂದು ಮೊದಲೇ ಕೇಳಿಟ್ಟುಕೊಂಡು ಆ ಎರಡು ಮೂರು ದಿನ ನೀರು ಬದಲಿಸಬೇಡಿ. ಈಜುಕೊಳದವರು ಬಳಸುವ ಕ್ಲೋರಿನ್ ಟೆಸ್ಟ್ ಹನಿ ಅಗ್ಗಕ್ಕೆ ಸಿಗುತ್ತದೆ. ನೀರು ಹಳದಿಯಾದರೆ ಕ್ಲೋರಿನ್ ಇದೆ ಎಂದರ್ಥ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಳತೆ) ಜೊತೆಗೆ ನೈಟ್ರೇಟ್ ಕೂಡ ಅಳೆಯಿರಿ. ನೆಲದಿಂದಲೇ 40 ಪಿಪಿಎಂ ನೈಟ್ರೇಟ್ ಬರುವ ಊರಿನಲ್ಲಿ ನೀರು ಬದಲಿಸಿ ನೈಟ್ರೇಟ್ ಇಳಿಸುತ್ತೇನೆ ಅನ್ನುವುದು ಆಗದ ಮಾತು. ಅಲ್ಲಿ ಆರ್‌ಒ ನೀರು ಅರ್ಧ ಬೆರೆಸಬೇಕಾಗುತ್ತದೆ. ಆಸ್ಕರ್ ಪಿಎಚ್ 6.5ರಿಂದ 8ರವರೆಗೆ ಹೊಂದಿಕೊಳ್ಳುತ್ತದೆ. ಪಿಎಚ್ ಸ್ಥಿರವಾಗಿದ್ದರೆ ಸಾಕು, ಔಷಧಿ ಹಾಕಿ ಏರಿಳಿಸಲು ಹೋಗಬೇಡಿ.

ಬಿಸಿ ಊರಿಂದ ಊರಿಗೆ ಬೇರೆ. ಡಿಸೆಂಬರ್-ಜನವರಿಯ ಬೆಂಗಳೂರಿನ ರಾತ್ರಿ ಟ್ಯಾಂಕ್ ನೀರನ್ನು 21-22 ಡಿಗ್ರಿಗೆ ಎಳೆಯುತ್ತದೆ. ಆಸ್ಕರ್‌ಗೆ 25-28 ಬೇಕು, 300 ವಾಟ್ ಹೀಟರ್ ಹಾಕಿ. ಮಂಗಳೂರಿನಲ್ಲಿ ಹೀಟರ್ ಮಳೆಗಾಲದ ರೋಗದ ದಿನಗಳಿಗಷ್ಟೇ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು: 25 ಡಿಗ್ರಿಯ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 32 ಡಿಗ್ರಿಯಲ್ಲಿ 7.3 ಮಾತ್ರ. ನೀರಿನ ಮೇಲ್ಮೈಗೆ ಟೇಬಲ್ ಫ್ಯಾನ್ ಗಾಳಿ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಅಂಗಡಿಯಲ್ಲಿ

ಹೊಸ ಸರಕು ಇಳಿದ ದಿನವೇ ಕೊಳ್ಳಬೇಡಿ. ಮುಂಗಡ ಕೊಟ್ಟು ಒಂದು ವಾರ ಅಲ್ಲೇ ಬಿಡಿ, ಸಾಯುವವು ಆ ವಾರದಲ್ಲೇ ಸಾಯುತ್ತವೆ. ಕೊಳ್ಳುವ ದಿನ ನಿಮ್ಮೆದುರು ತಿನ್ನಿಸಿ ತೋರಿಸಲು ಹೇಳಿ, ಅದೂ ಪೆಲೆಟ್, ಅಂದರೆ ಗುಳಿಗೆಯಂಥ ಒಣ ಆಹಾರ. ಬದುಕಿದ ಮರಿಮೀನಿಗೆ ಮಾತ್ರ ಬಾಯಿ ಹಾಕುವ ಆಸ್ಕರ್ ತಂದರೆ ಅಭ್ಯಾಸ ಬಿಡಿಸುವ ಕೆಲಸ ನಿಮ್ಮದಾಗುತ್ತದೆ.

ಎದುರಿನಿಂದ ನೋಡಿ. ಹೊಟ್ಟೆ ಒಳಗೆ ಹೋಗಿ ತಲೆ ದಪ್ಪ ಕಂಡರೆ ಬೇಡ. ಹಿಂದೆ ಬಿಳಿ ನೂಲಿನಂತೆ ಹಿಕ್ಕೆ ಜೋತಾಡುತ್ತಿದ್ದರೆ, ತಲೆಯ ಮೇಲೆ ಸೂಜಿ ಚುಚ್ಚಿದಂಥ ತೂತುಗಳು ಕಂಡರೆ, ಒಂದೇ ಕಿವಿರಿನಿಂದ ಉಸಿರಾಡುತ್ತಿದ್ದರೆ ಆ ಮೀನಷ್ಟೇ ಅಲ್ಲ, ಆ ಟ್ಯಾಂಕಿನ ಯಾವುದೂ ಬೇಡ. ಹೊರಡುವ ಮುನ್ನ ಅಂಗಡಿಯ ನೀರಿನ ಟಿಡಿಎಸ್ ಅಳೆದು ಬರೆದುಕೊಳ್ಳಿ, ಪೆನ್ನಿನಂಥ ಮೀಟರ್ ಜೇಬಿನಲ್ಲಿ ಹಿಡಿಸುತ್ತದೆ. ಒಯ್ಯುವ ದಿನ ಬೆಳಗ್ಗೆ ಅದಕ್ಕೆ ಊಟ ಹಾಕದಂತೆ ಹೇಳಿ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್. ಕ್ಯಾಟ್‌ಫಿಶ್‌ನ ಮುಳ್ಳು ಚೀಲ ತೂತು ಮಾಡುತ್ತದೆ, ಅದಕ್ಕೆ ಎರಡು ಚೀಲದ ನಡುವೆ ಪೇಪರ್ ಸುತ್ತಿಸಿ.

ಚೀಲ ಬಿಚ್ಚುವ ಹೊತ್ತು

ಹೆಚ್ಚು ಮೀನು ಕಳೆದುಕೊಳ್ಳುವುದು ಇಲ್ಲಿ, ಅದೂ ಬಹಳ ಜಾಗ್ರತೆ ಮಾಡುತ್ತೇವೆಂದುಕೊಂಡೇ.

ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿದಷ್ಟೂ ಕಾರ್ಬನ್ ಡೈಆಕ್ಸೈಡ್ ಸೇರಿ ಪಿಎಚ್ ಇಳಿಯುತ್ತದೆ. ಅದೇ ಹೊತ್ತಿಗೆ ಅಮೋನಿಯಾವೂ ಸೇರುತ್ತಿರುತ್ತದೆ, ಆದರೆ ಪಿಎಚ್ ಕಡಿಮೆ ಇರುವುದರಿಂದ ಅದು ಅಮೋನಿಯಂ ಆಗಿ ತಣ್ಣಗಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಮೇಲೇರುತ್ತದೆ, ಸುಮ್ಮನಿದ್ದ ಅಮೋನಿಯಂ ವಿಷವಾಗುತ್ತದೆ. ಬಸ್ಸಿನಲ್ಲೋ ರೈಲಿನಲ್ಲೋ 15 ಗಂಟೆ ಪ್ರಯಾಣ ಮಾಡಿ ಬಂದ ಮೀನನ್ನು ಬಕೆಟ್ಟಿಗೆ ಸುರಿದು, ಏರ್ ಸ್ಟೋನ್ ಹಾಕಿ, ಎರಡು ಗಂಟೆ ಹನಿ ಹನಿಯಾಗಿ ನೀರು ಬಿಟ್ಟರೆ ಆ ಎರಡು ಗಂಟೆಯೂ ಅದು ವಿಷದಲ್ಲಿ ಕೂತಿರುತ್ತದೆ.

ಹತ್ತಿರದ ಅಂಗಡಿಯಿಂದ, ಒಂದೆರಡು ಗಂಟೆಯೊಳಗೆ ಬಂದ ಮೀನಾದರೆ:

1. ಟ್ಯಾಂಕಿನ ಲೈಟ್ ಆರಿಸಿ. ಕಟ್ಟಿದ ಚೀಲವನ್ನು 20 ನಿಮಿಷ ತೇಲಲು ಬಿಡಿ.
2. ಚೀಲ ಬಿಚ್ಚಿ, ಪ್ರತಿ 5 ನಿಮಿಷಕ್ಕೆ ಒಂದು ಲೋಟ ಟ್ಯಾಂಕ್ ನೀರು ಸೇರಿಸಿ. ಅರ್ಧ ಗಂಟೆ ಸಾಕು.
3. ಮೀನನ್ನು ಮಾತ್ರ ಟ್ಯಾಂಕಿಗೆ ಬಿಡಿ. ಚೀಲದ ನೀರು ಬಚ್ಚಲಿಗೆ.

ದೂರದಿಂದ ಪಾರ್ಸೆಲ್ ಬಂದ ಮೀನಿಗೆ ನೀರನ್ನು ಮೊದಲೇ ಹೊಂದಿಸಿಡಿ. ಕಳಿಸುವವರಿಂದ ಟಿಡಿಎಸ್, ಪಿಎಚ್ ಕೇಳಿ, ಆರ್‌ಒ ನೀರು ಬೆರೆಸಿ ಹತ್ತಿರಕ್ಕೆ ತನ್ನಿ. ಟಿಡಿಎಸ್‌ನಲ್ಲಿ ನೂರರ ವ್ಯತ್ಯಾಸ ಇದ್ದರೆ ಅಡ್ಡಿಯಿಲ್ಲ. ಚೀಲ ಬಿಚ್ಚದೆ ಅರ್ಧ ಗಂಟೆ ತೇಲಿಸಿ ಬಿಸಿ ಸಮ ಮಾಡಿ. ಆಮೇಲೆ ಚೀಲ ಕತ್ತರಿಸಿ, ಎರಡು ಮೂರು ನಿಮಿಷದೊಳಗೆ ಮೀನು ಹೊಸ ನೀರಿನಲ್ಲಿರಬೇಕು. ಅಮೋನಿಯಾ ಹಿಡಿದಿಡುವ ಸೀಕೆಮ್ ಪ್ರೈಮ್‌ನಂಥ ಕಂಡೀಷನರ್ ಟ್ಯಾಂಕಿಗೆ ಮೊದಲೇ ಹಾಕಿಡಿ. ಆರಿಂಚಿಗಿಂತ ದೊಡ್ಡ ಮೀನನ್ನು ಬಲೆಯಲ್ಲಿ ಎತ್ತಬೇಡಿ. ಬಲೆಯಲ್ಲಿ ಹೊರಳಾಡಿ ರೆಕ್ಕೆ ಹರಿದುಕೊಳ್ಳುತ್ತದೆ, ಕಣ್ಣು ಉಜ್ಜಿಕೊಳ್ಳುತ್ತದೆ. ಕ್ಯಾಟ್‌ಫಿಶ್ ಆದರೆ ಮುಳ್ಳು ಸಿಕ್ಕಿ ಬಲೆಯನ್ನೇ ಕತ್ತರಿಸಬೇಕಾಗುತ್ತದೆ. ಪ್ಲಾಸ್ಟಿಕ್ ಡಬ್ಬಿ ಒಳಗೆ ಬಾಗಿಸಿ ನೀರಿನ ಸಮೇತ ಎತ್ತಿ, ನೀರು ಬಸಿದು ಬಿಡಿ.

ಬೇರೆ ಮೀನು ಈಗಾಗಲೇ ಇದ್ದರೆ ಹೊಸದು ನೇರ ಅಲ್ಲಿಗೆ ಹೋಗುವಂತಿಲ್ಲ. 100 ಲೀಟರಿನ ಪ್ಲಾಸ್ಟಿಕ್ ಕ್ರೇಟ್, ಒಂದು ತುಂಡು ಪಿವಿಸಿ ಪೈಪ್ ಅಡಗಲು, ಒಂದು ಮುಚ್ಚಳ. ದೊಡ್ಡ ಟ್ಯಾಂಕಿನಲ್ಲಿ ತಿಂಗಳಿಂದ ಓಡಿ ಬ್ಯಾಕ್ಟೀರಿಯಾ ತುಂಬಿಕೊಂಡ ಆ ಸ್ಪಂಜ್ ಫಿಲ್ಟರ್ ಈಗ ಇಲ್ಲಿಗೆ ಬರುತ್ತದೆ. ಮೂರು ವಾರ ಇಲ್ಲೇ. ಬಲೆ, ಬಕೆಟ್, ಪೈಪ್ ಎಲ್ಲವೂ ಬೇರೆ ಇರಲಿ. ಮೊದಲು ಹಳೆಯ ಟ್ಯಾಂಕಿನ ಕೆಲಸ, ಆಮೇಲೆ ಕ್ರೇಟಿನದು, ಕೊನೆಗೆ ಕೈ ಸೋಪಿನಿಂದ ತೊಳೆಯುವುದು.

ಮೊದಲ ಎರಡು ದಿನ, ಮತ್ತು ಊಟ

ಲೈಟ್ ಬೇಡ, ಊಟ ಬೇಡ, ಗಾಜು ತಟ್ಟುವುದು ಬೇಡ. ಆಸ್ಕರ್ ಹೊಸ ಜಾಗದಲ್ಲಿ ಮಗ್ಗುಲಾಗಿ ನೆಲಕ್ಕೆ ಮಲಗಿಬಿಡುತ್ತದೆ, ಬಣ್ಣ ಬಿಳಚಿಕೊಳ್ಳುತ್ತದೆ. ನೋಡಿದವರಿಗೆ ಎದೆ ಝಲ್ ಎನ್ನುತ್ತದೆ. ಕಿವಿರು ನಿಧಾನವಾಗಿ, ಒಂದೇ ಲಯದಲ್ಲಿ ಆಡುತ್ತಿದ್ದರೆ ಅದು ಮುನಿಸು. ಒಂದೆರಡು ದಿನದಲ್ಲಿ ಏಳುತ್ತದೆ. ಕಿವಿರು ಜೋರಾಗಿ ಬಡಿಯುತ್ತಾ ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿದ್ದರೆ ಮುನಿಸಲ್ಲ, ಕೂಡಲೇ ನೀರು ಟೆಸ್ಟ್ ಮಾಡಿ.

ಮೂರನೇ ದಿನ ಅದರ ಕಣ್ಣಿನ ಗಾತ್ರದ ನಾಲ್ಕೈದು ಪೆಲೆಟ್. ಐದು ನಿಮಿಷದಲ್ಲಿ ತಿನ್ನದಿದ್ದರೆ ತೆಗೆದುಬಿಡಿ, ಮರುದಿನ ಮತ್ತೆ. ಮರಿಮೀನಿಗೆ ರೂಢಿಯಾಗಿದ್ದರೆ ನಾಲ್ಕು ದಿನ ಹಸಿದಿರಲು ಬಿಟ್ಟು, ಸಿಪ್ಪೆ ಸುಲಿದ ಸೀಗಡಿಯ ಸಣ್ಣ ತುಂಡನ್ನು ಚಿಮಟದಲ್ಲಿ ಹಿಡಿದು ಆಡಿಸಿ. ಅದಕ್ಕೆ ಬಾಯಿ ಹಾಕಿದ ಮೇಲೆ ಆ ತುಂಡಿನೊಳಗೆ ಒಂದು ಪೆಲೆಟ್ ಒತ್ತಿ ಕೊಡಿ, ವಾರದೊಳಗೆ ಬರೀ ಪೆಲೆಟ್‌ಗೆ ಬರುತ್ತದೆ. ಮೊದಲ ಎರಡು ವಾರ ದಿನಕ್ಕೆ ಒಂದೇ ಹೊತ್ತು. ಆಮೇಲೆ ಮರಿಗಳಿಗೆ ಎರಡು ಹೊತ್ತು ಸ್ವಲ್ಪ ಸ್ವಲ್ಪ. ದೊಡ್ಡವಕ್ಕೆ ವಾರಕ್ಕೆ ನಾಲ್ಕೈದು ದಿನ ಸಾಕು. ಆಸ್ಕರ್ ನಿಮ್ಮನ್ನು ಗುರುತು ಹಿಡಿಯುತ್ತದೆ, ಹತ್ತಿರ ಹೋದಾಗಲೆಲ್ಲ ಬಾಲ ಆಡಿಸಿ ಬೇಡುತ್ತದೆ. ಹೊಟ್ಟೆ ತುಂಬಿದ್ದರೂ ಬೇಡುತ್ತದೆ. ಅದನ್ನು ಹಸಿವು ಎಂದು ಎಣಿಸಬೇಡಿ.

ಫೀಡರ್ ಮೀನು, ಅಂದರೆ ಅಗ್ಗದ ಗಪ್ಪಿ, ಗೋಲ್ಡ್‌ಫಿಶ್ ಮರಿ, ಬೇಡವೇ ಬೇಡ. ಕಿಕ್ಕಿರಿದ ಟಬ್ಬಿನಲ್ಲಿ ಬೆಳೆದ ಅವು ಹುಳ, ಬಿಳಿಚುಕ್ಕೆ ರೋಗವನ್ನು ಹೊತ್ತು ತರುತ್ತವೆ. ಜೊತೆಗೆ ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆಯುತ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನಿಗೆ ನರದ ತೊಂದರೆ ಬಂದು ತಿರುಗಿ ತಿರುಗಿ ಈಜುತ್ತದೆ. ಕೋಳಿ ಈಲಿ, ದನದ ಹೃದಯ ಕೂಡ ರೂಢಿ ಮಾಡಬೇಡಿ. ಬಿಸಿರಕ್ತದ ಪ್ರಾಣಿಯ ಕೊಬ್ಬು ಮೀನಿನ ಮೈಯಲ್ಲಿ ಕರಗದೆ ಯಕೃತ್ತಿಗೆ ಸೇರುತ್ತದೆ. ಮಾರ್ಕೆಟ್ಟಿನಲ್ಲಿ ಸಿಗುವ ಜಿಲೇಬಿ ಮೀನಿನ ಮುಳ್ಳು ತೆಗೆದ ಮಾಂಸ, ಸೀಗಡಿ, ಗೊಬ್ಬರ ವಿಷ ಸೇರದ ಮಣ್ಣಿನ ಎರೆಹುಳ ಒಳ್ಳೆಯವು. ಭೂತಾಯಿ, ಬಂಗುಡೆ ಹಾಕಿದರೆ ನೀರಿನ ಮೇಲೆ ಎಣ್ಣೆ ಪೊರೆ ಕಟ್ಟಿ ಗಾಳಿ ಬೆರೆಯುವುದು ನಿಲ್ಲುತ್ತದೆ. ಏನೇ ಕೊಟ್ಟರೂ ಊಟದ ಮುಕ್ಕಾಲು ಪಾಲು ಒಳ್ಳೆಯ ಪೆಲೆಟ್ ಇರಲಿ.

ದಿನಾ ಟೆಸ್ಟ್

ಮೊದಲ ಹದಿನಾಲ್ಕು ದಿನ ಅಮೋನಿಯಾ, ನೈಟ್ರೈಟ್ ದಿನಾ ನೋಡಿ, ನೈಟ್ರೇಟ್ ವಾರಕ್ಕೊಮ್ಮೆ. ಪಟ್ಟಿಗಿಂತ ಹನಿ ಹಾಕುವ ಕಿಟ್ ನಂಬಿಕೆಗೆ ಅರ್ಹ. ಎಪಿಐ ಕಂಪನಿಯ ಕಿಟ್‌ನಲ್ಲಿ ನೈಟ್ರೇಟ್‌ನ ಎರಡನೇ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂರುತ್ತದೆ. ಅದನ್ನು 30 ಸೆಕೆಂಡು ಜೋರಾಗಿ ಕುಲುಕಿ ಹಾಕಬೇಕು, ಹಾಕಿದ ಮೇಲೆ ನಳಿಕೆಯನ್ನೂ ಒಂದು ನಿಮಿಷ ಕುಲುಕಬೇಕು. ಇದನ್ನು ಮಾಡದವರಿಗೆ 80 ಇರುವ ಕಡೆ 10 ತೋರಿಸಿ, 'ನೀರು ಚೆನ್ನಾಗಿದೆ, ಆದರೂ ಮೀನು ಸೊರಗಿದೆ' ಎಂಬ ಒಗಟಾಗುತ್ತದೆ. ಇನ್ನೊಂದು ವಿಷಯ, ಪ್ರೈಮ್ ಹಾಕಿದ ಮೇಲೂ ಅಮೋನಿಯಾ ಟೆಸ್ಟ್ ಹಸಿರು, ಅಂದರೆ ಅಮೋನಿಯಾ ಇದೆ ಎಂದೇ ತೋರಿಸುತ್ತದೆ. ಹಿಡಿದಿಟ್ಟದ್ದನ್ನೂ ಸೇರಿಸಿ ಅದು ಎಣಿಸುತ್ತದೆ.

ಅಮೋನಿಯಾ ಅಥವಾ ನೈಟ್ರೈಟ್ 0.25 ಪಿಪಿಎಂ ದಾಟಿದರೆ ಊಟ ನಿಲ್ಲಿಸಿ, ಶೇ 40ರಷ್ಟು ನೀರು ಬದಲಿಸಿ, ಮರುದಿನ ಮತ್ತೆ ನೋಡಿ. ನೈಟ್ರೈಟ್ ಏರಿದ್ದರೆ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನ ಬಳಿ ನೈಟ್ರೈಟ್ ಒಳಗೆ ನುಗ್ಗದಂತೆ ತಡೆಯುತ್ತದೆ. ನೀರು ಬದಲಿಸಿದಾಗ ಬದಲಿಸಿದ ನೀರಿಗಷ್ಟೇ ಉಪ್ಪು ಸೇರಿಸಬೇಕು. ಪ್ರತಿ ಸಲ ಪೂರ್ತಿ ಲೆಕ್ಕ ಹಾಕಿದರೆ ವಾರದಲ್ಲಿ ಎರಡು ಪಟ್ಟಾಗಿರುತ್ತದೆ.

ಕರೆಂಟ್ ಹೋದರೆ ಕ್ಯಾನಿಸ್ಟರ್ ಒಳಗಿನ ನೀರಿನ ಆಮ್ಲಜನಕ ಬೇಗ ಮುಗಿಯುತ್ತದೆ, ಕೆಲವು ಗಂಟೆಯಲ್ಲಿ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ನಾಲ್ಕೈದು ಗಂಟೆ ನಿಂತಿದ್ದ ಕ್ಯಾನಿಸ್ಟರನ್ನು ಹಾಗೇ ಶುರು ಮಾಡಬೇಡಿ. ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕ್ ನೀರಿನಲ್ಲಿ ಅಲುಬಿ ಆಮೇಲೆ ಓಡಿಸಿ. ಪವರ್ ಬ್ಯಾಂಕಿನಿಂದ ಓಡುವ ಸಣ್ಣ ಯುಎಸ್‌ಬಿ ಏರ್ ಪಂಪ್ ಒಂದು ಟ್ಯಾಂಕಿನ ಪಕ್ಕದಲ್ಲೇ ಇರಲಿ.

ರೋಗ ಕಂಡರೆ

ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಇಚ್ ಎಂಬ ಪರೋಪಜೀವಿ. ಚುಕ್ಕೆಯೊಳಗೆ ಇರುವಾಗ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ, ಒಡೆದು ನೀರಿಗೆ ಬಂದಾಗ ಮಾತ್ರ ಸಾಯುತ್ತದೆ. ಬಿಸಿ ಹೆಚ್ಚಿಸುವುದು ಅದರ ಚಕ್ರ ಬೇಗ ತಿರುಗಲಿ ಎಂದು. ದಿನಕ್ಕೆ ಎರಡು ಡಿಗ್ರಿಯಂತೆ 30ಕ್ಕೆ ಏರಿಸಿ, ಒಂದೂವರೆ ದಿನದಲ್ಲಿ ಹಂತ ಹಂತವಾಗಿ ಲೀಟರಿಗೆ 2 ಗ್ರಾಂ ಉಪ್ಪು ಸೇರಿಸಿ, ಗಾಳಿ ಹೆಚ್ಚಿಸಿ. ಚುಕ್ಕೆ ಐದನೇ ದಿನಕ್ಕೆ ಮಾಯವಾಗುತ್ತದೆ. ಆದರೂ ಹದಿನಾಲ್ಕು ದಿನ ಬಿಡಬೇಡಿ. ಹುರುಪೆಯಿಲ್ಲದ ಕ್ಯಾಟ್‌ಫಿಶ್‌ಗೆ ಮಲಕೈಟ್ ಗ್ರೀನ್ ಇರುವ ಔಷಧಿ ಅರ್ಧ ಡೋಸ್ ಮಾತ್ರ.

ಆಸ್ಕರ್‌ಗೆ ಹೆಚ್ಚು ಕಾಡುವುದು ತಲೆ ತೂತು. ಹಣೆಯ ಸುತ್ತ ಸಣ್ಣ ಗುಳಿಗಳು ಬಿದ್ದು ನಿಧಾನಕ್ಕೆ ಅಗಲವಾಗುತ್ತವೆ. ನೈಟ್ರೇಟ್ ಹೆಚ್ಚಿರುವ ಹಳೆಯ ನೀರು, ಒಂದೇ ಬಗೆಯ ಊಟ, ಕರುಳಿನ ಹೆಕ್ಸಾಮಿಟಾ ಪರೋಪಜೀವಿ, ಈ ಮೂರನ್ನೂ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಗುಳಿ ಚಿಕ್ಕದಿರುವಾಗ ವಾರಕ್ಕೆ ಎರಡು ಸಲ ಶೇ 40ರಷ್ಟು ನೀರು ಬದಲಿಸಿ ನೈಟ್ರೇಟನ್ನು 20ಕ್ಕೆ ಇಳಿಸಿದರೆ ಬಹಳಷ್ಟು ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿಳಿ ಹಿಕ್ಕೆಯೂ ಇದ್ದರೆ ಮೆಟ್ರೊನಿಡಜೋಲ್ ಬೇಕು. 100 ಗ್ರಾಂ ಆಹಾರಕ್ಕೆ 1 ಗ್ರಾಂ ಬೆರೆಸಿ ಕೊಡುವುದು ರೂಢಿ, ಪಶುವೈದ್ಯರನ್ನು ಕೇಳಿಯೇ ಕೊಡಿ. ಚೆನ್ನಾಗಿ ತಿಂದೂ ಬೆನ್ನು ಚೂಪಾಗುತ್ತಿದ್ದರೆ ಹೊಟ್ಟೆಯಲ್ಲಿ ಹುಳ.

ಮೂರು ರೋಗಕ್ಕೆ ಮೂರು ಬಾಟಲಿ ಒಂದೇ ದಿನ ಸುರಿಯುವುದರಿಂದ ಫಿಲ್ಟರ್ ಬ್ಯಾಕ್ಟೀರಿಯಾ ಸಾಯುತ್ತದೆ, ಮತ್ತೆ ಅಮೋನಿಯಾ ಏರುತ್ತದೆ.

ಆಸ್ಕರ್ ಅಲ್ಲದವು

ಕೊರವ, ಮರಲು ಎಂದು ನಾವು ಕರೆಯುವ ಸ್ನೇಕ್‌ಹೆಡ್ ಜಾತಿ ಮೇಲೆ ಬಂದು ಗಾಳಿ ಕುಡಿಯದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಅಂಚಿನವರೆಗೆ ನೀರು ತುಂಬಿ ಗಟ್ಟಿ ಮುಚ್ಚಳ ಹಾಕಿದರೆ ಆಗುವುದು ಅದೇ. ಮುಚ್ಚಳಕ್ಕೂ ನೀರಿಗೂ ನಾಲ್ಕಿಂಚು ಬಿಡಿ, ಮುಚ್ಚಳಕ್ಕೆ ಕ್ಲಿಪ್ ಹಾಕಿ, ಪೈಪ್ ಹೋಗುವ ತೂತಿಗೂ ಸ್ಪಂಜು ತುರುಕಿ. ಎರಡು ಬೆರಳಿನ ಸಂದು ಸಿಕ್ಕರೆ ರಾತ್ರಿ ಹೊರಗೆ ಬಿದ್ದಿರುತ್ತದೆ. ಅಸ್ಸಾಂ, ಮೇಘಾಲಯ ಕಡೆಯ ಕುಳ್ಳ ಸ್ನೇಕ್‌ಹೆಡ್‌ಗಳಿಗೆ (ಚನ್ನಾ) ಹೀಟರ್ ಹಾಕಬೇಡಿ. ಚಳಿಗಾಲದಲ್ಲಿ ನೀರು ತಂಪಾಗುವುದು, ಊಟ ಕಡಿಮೆಯಾಗುವುದು ಅವಕ್ಕೆ ಸಹಜ, ವರ್ಷವಿಡೀ ಬೆಚ್ಚಗಿಟ್ಟರೆ ಬೇಗ ಮುಗಿಯುತ್ತವೆ.

ಬಿಚಿರ್‌ಗೆ ಕಣ್ಣು ಮಂದ, ಮೂಗು ಚುರುಕು. ಲೈಟ್ ಆರಿಸಿ ಅರ್ಧ ಗಂಟೆಯಾದ ಮೇಲೆ ಮುಳುಗುವ ಪೆಲೆಟ್ ಅದರ ಮೂತಿಯ ಬಳಿ ಬೀಳಿಸಿ. ಆಸ್ಕರ್ ಜೊತೆಗಿದ್ದರೆ ಬಿಚಿರ್‌ಗೆ ಏನೂ ಉಳಿಯುವುದಿಲ್ಲ, ಪಕ್ಕಕ್ಕೆ ಪೈಪಿನಲ್ಲಿ ಇಳಿಸಿ ಕೊಡಬೇಕು.

ಸಿಲ್ವರ್ ಅರೋವಾನಾ ಎರಡೂವರೆ ಅಡಿ ದಾಟುತ್ತದೆ. ಹೊಟ್ಟೆಗೆ ಹಳದಿ ಚೀಲ ಅಂಟಿಕೊಂಡಿರುವ ಮರಿಯನ್ನು ಕೊಳ್ಳಬೇಡಿ, ಆರಿಂಚಿನದ್ದು ತನ್ನಿ. ಏಷ್ಯಾದ ಅರೋವಾನಾ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ನಂತರ ಇಂಥ ಜಾತಿಗಳನ್ನು ಸಾಕಲು ನೋಂದಣಿ ಬೇಕು. ಕಾಗದಪತ್ರ ಕೊಡದವರಿಂದ ತರಬೇಡಿ.

ಮೂರಿಂಚಿನ ರೆಡ್‌ಟೇಲ್ ಕ್ಯಾಟ್‌ಫಿಶ್ ಮೂರಡಿ ದಾಟುತ್ತದೆ, ಅಲಿಗೇಟರ್ ಗಾರ್ ಆರಡಿ. ಮನೆಯ ಟ್ಯಾಂಕಿಗೆ ಇವು ಸಲ್ಲ. ಬೆಳೆದ ಮೇಲೆ ಕೆರೆಗೆ ಬಿಡುವುದು ಊರಿನ ಕೆರೆಗೆ ಮಾಡುವ ದ್ರೋಹ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತ್ತು. ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ ಅಥವಾ ದೊಡ್ಡ ಕೊಳವಿರುವ ಹವ್ಯಾಸಿಗೆ ಕೊಡಿ.

ದೊಡ್ಡ ಟ್ಯಾಂಕಿಗೆ ಸೇರಿಸುವ ದಿನ

ಮೂರು ವಾರ ಕ್ರೇಟಿನಲ್ಲಿ ತಿಂದು, ಚುಕ್ಕೆ ತೂತು ಇಲ್ಲದೆ, ಕಪ್ಪು-ಕಂದು ಹಿಕ್ಕೆ ಹಾಕುತ್ತಿದ್ದರೆ ಸೇರಿಸಬಹುದು. ಜೊತೆಯ ಮೀನಿನ ಬಾಯಿ ಅಗಲಿಸಿದಾಗ ಹೊಸದರ ಮೈ ಅದರೊಳಗೆ ಹಿಡಿಸುವಂತಿದ್ದರೆ ಸೇರಿಸಬೇಡಿ. ಮುಳ್ಳಿನ ಸಣ್ಣ ಕ್ಯಾಟ್‌ಫಿಶ್‌ಗಳನ್ನು ಬೇಟೆಮೀನಿನ ಜೊತೆ ಇಡಲೇಬಾರದು. ನುಂಗುವಾಗ ಮುಳ್ಳು ಬಿಚ್ಚಿಕೊಂಡು ಗಂಟಲಲ್ಲಿ ಸಿಕ್ಕಿ ಎರಡೂ ಸಾಯುತ್ತವೆ.

ಸಂಜೆ ಲೈಟ್ ಆರಿಸಿ. ಹಳೆಯ ಮೀನುಗಳಿಗೆ ಹೊಟ್ಟೆ ತುಂಬ ಕೊಡಿ. ಕಲ್ಲು, ಕಟ್ಟಿಗೆಗಳ ಜಾಗ ಬದಲಿಸಿ, ಯಾರ ಮೂಲೆ ಯಾವುದೆಂದು ಅವಕ್ಕೂ ಮರೆಯಲಿ. ಆಮೇಲೆ ಹೊಸದನ್ನು ಡಬ್ಬಿಯಿಂದ ಬಿಡಿ. ಮೊದಲ ಒಂದು ಗಂಟೆ ಪಕ್ಕದಲ್ಲೇ ಕೂತು ನೋಡಿ. ರೆಕ್ಕೆ ಅರಳಿಸಿ ಬಾಯಿಗೆ ಬಾಯಿ ಕೊಟ್ಟು ತಳ್ಳಾಡಿದರೆ ಇರಲಿ. ಒಂದೇ ಮೀನನ್ನು ಬಿಡದೆ ಅಟ್ಟಿ ಮೂಲೆಗೆ ಒತ್ತುತ್ತಿದ್ದರೆ ಅಕ್ರಿಲಿಕ್ ತಡಿಕೆ ಇಳಿಸಿ ಒಂದು ವಾರ ಬೇರೆ ಇಡಿ. ತಡಿಕೆ ಮೊದಲೇ ಅಳತೆಗೆ ಕತ್ತರಿಸಿ ತಯಾರಿರಲಿ.